ಪೆಪ್ಟೈಡನ್ನು ಹೋಲುವ ಮದ್ದುಗಳು: ಮೊದಲ ಪಾಠ

ಕಲಬುರಗಿಯ ಜಗತ್ ವೃತ್ತದ ಆಸುಪಾಸಿನ ಮೆಡಿಕಲ್ ಅಂಗಡಿಗಳಲ್ಲಿ ಬಿ.ಪಿ. ಗುಳಿಗೆ, ಶುಗರ್ ಗುಳಿಗೆ ಕೇಳುವವರಿಗೆ ಬರವಿಲ್ಲ. ಆ ಗುಳಿಗೆಗಳ ಪಟ್ಟಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಎನಾಲಪ್ರಿಲ್, ರಾಮಿಪ್ರಿಲ್, ವಿಲ್ಡಾಗ್ಲಿಪ್ಟಿನ್ ಎಂಬ ಹೆಸರುಗಳಿರುತ್ತವೆ. ಕಂಪನಿ ಬೇರೆ, ಬೆಲೆ ಬೇರೆ, ರೋಗವೂ ಬೇರೆ. ಆದರೆ ರಸಾಯನಶಾಸ್ತ್ರ ಕಲಿಸುವವನ ಕಣ್ಣಿಗೆ ಮೂರೂ ಒಂದೇ ಮನೆತನದವು. ನಮ್ಮ ದೇಹದಲ್ಲಿರುವ ಪೆಪ್ಟೈಡ್ ಎಂಬ ವಸ್ತುವಿನಂತೆ ಕಾಣುವ ಹಾಗೆ ಮನುಷ್ಯ ಕಟ್ಟಿದ ಅಣುಗಳು ಇವು. ಪಿಯುಸಿಯಲ್ಲಿ ವಿಜ್ಞಾನ ಓದಿ ಬಿಟ್ಟವರಿಗೂ ಓದದೇ ಇದ್ದವರಿಗೂ ಈ ಮನೆತನವನ್ನು ಪರಿಚಯ ಮಾಡಿಕೊಡಬೇಕೆಂಬುದು ನನ್ನ ಆಸೆ. ಸೂತ್ರ, ಸಮೀಕರಣ ಯಾವುದೂ ಬೇಡ. ನಿಧಾನವಾಗಿ ಓದಿದರೆ ಸಾಕು.

ಊಟದಿಂದಲೇ ಶುರು ಮಾಡೋಣ. ನಮ್ಮ ಜಿಲ್ಲೆಯ ತೊಗರಿ ಬ್ಯಾಳಿಯಲ್ಲಿ ಪ್ರೋಟೀನು ಹೇರಳವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಪ್ರೋಟೀನೆಂದರೆ ಅಮೈನೋ ಆಮ್ಲಗಳು ಒಂದರ ಕೈ ಒಂದು ಹಿಡಿದು ನಿಂತ ಉದ್ದನೆಯ ಸರಪಳಿ. ಜೀವಿಗಳು ಸಾಮಾನ್ಯವಾಗಿ ಬಳಸುವ ಅಮೈನೋ ಆಮ್ಲಗಳು 20. ಸರಪಳಿ ಉದ್ದವಾಗಿದ್ದರೆ ಪ್ರೋಟೀನು ಎನ್ನುತ್ತೇವೆ, ಗಿಡ್ಡಗಿದ್ದರೆ ಪೆಪ್ಟೈಡ್. ಸುಮಾರು 50 ಅಮೈನೋ ಆಮ್ಲಗಳ ಒಳಗಿನದು ಪೆಪ್ಟೈಡ್ ಎಂಬುದು ವಾಡಿಕೆ, ಕಟ್ಟುನಿಟ್ಟಿನ ಗಡಿಯೇನಲ್ಲ. ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಕೊಂಡಿಗೆ ಪೆಪ್ಟೈಡ್ ಬಂಧ ಎಂದು ಹೆಸರು. ಬ್ಯಾಳಿ ಹೊಟ್ಟೆಗೆ ಹೋದ ಮೇಲೆ ಅಲ್ಲಿನ ಕಿಣ್ವಗಳು ಈ ಕೊಂಡಿಗಳನ್ನು ಕತ್ತರಿಸುತ್ತ ಹೋಗುತ್ತವೆ. ಕೊನೆಗೆ ಉಳಿಯುವುದು ಬಿಡಿ ಅಮೈನೋ ಆಮ್ಲಗಳು ಮತ್ತು ಎರಡು ಮೂರರ ತುಂಡುಗಳು. ಅವನ್ನೇ ಕರುಳು ಹೀರಿಕೊಳ್ಳುತ್ತದೆ.

ಊಟಕ್ಕೆ ಇದು ಒಳ್ಳೆಯದು. ಔಷಧಕ್ಕೆ ಇದೇ ಶಾಪ. ದೇಹ ತನ್ನ ಆಜ್ಞೆಗಳಲ್ಲಿ ಬಹಳಷ್ಟನ್ನು ಕಳಿಸುವುದು ಪೆಪ್ಟೈಡ್‌ಗಳ ಮೂಲಕ. ಸಕ್ಕರೆ ಇಳಿಸುವ ಇನ್ಸುಲಿನ್, ಹೆರಿಗೆಯಲ್ಲಿ ಗರ್ಭಕೋಶವನ್ನು ಬಿಗಿ ಮಾಡುವ ಆಕ್ಸಿಟೋಸಿನ್, ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್, ಊಟದ ನಂತರ ಕರುಳು ಸುರಿಸುವ ಜಿಎಲ್‌ಪಿ-1 ಎಲ್ಲವೂ ಈ ಜಾತಿಯವೇ. ಹಾಗಿದ್ದರೆ ಇವನ್ನೇ ಔಷಧವಾಗಿ ಕೊಟ್ಟರಾಯಿತಲ್ಲ? ಬಾಯಿಯಿಂದ ಕೊಟ್ಟರೆ ಹೊಟ್ಟೆಗೆ ಅದೂ ಬ್ಯಾಳಿಯೇ. ಇನ್ಸುಲಿನ್ ಸಾಮಾನ್ಯವಾಗಿ ಸೂಜಿಯಲ್ಲಿ ಹೋಗಬೇಕಾಗಿರುವುದು ಅದಕ್ಕಾಗಿ. ಸೂಜಿಯಲ್ಲಿ ಕೊಟ್ಟರೂ ರಕ್ತದಲ್ಲಿ ಬೇರೆ ಕಿಣ್ವಗಳು ಕಾದಿರುತ್ತವೆ. ಜಿಎಲ್‌ಪಿ-1 ರಕ್ತಕ್ಕೆ ಬಿದ್ದ ಸುಮಾರು 2 ನಿಮಿಷದಲ್ಲಿ ಅದರ ಅರ್ಧ ಪಾಲು ಕೆಲಸಕ್ಕೆ ಬಾರದಾಗುತ್ತದೆ. ಆಜ್ಞೆ ಬೇಗ ಅಳಿಯಬೇಕೆಂಬುದು ದೇಹದ ಅಗತ್ಯ. ಅದು ಬಹಳ ಹೊತ್ತು ಉಳಿಯಬೇಕೆಂಬುದು ವೈದ್ಯರ ಅಗತ್ಯ.

ಪೆಪ್ಟೈಡನ್ನು ಹೋಲುವ ಅಣುಗಳನ್ನು ಕಟ್ಟುವ ವಿದ್ಯೆ ಹುಟ್ಟಿದ್ದು ಈ ತಿಕ್ಕಾಟದಿಂದ. ದೇಹದಲ್ಲಿ ಈ ಆಜ್ಞೆಗಳನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಗುರುತು ಹಿಡಿಯುವ ಭಾಗವನ್ನು ಮುಟ್ಟಬಾರದು, ಕಿಣ್ವಗಳು ಕತ್ತರಿಸುವ ಭಾಗವನ್ನು ಬದಲಿಸಬೇಕು. ಹೇಳಲು ಒಂದೇ ಸಾಲು; ಮಾಡಲು ಕೆಲವೊಮ್ಮೆ ಒಬ್ಬ ವಿಜ್ಞಾನಿಯ ವೃತ್ತಿಜೀವನವೇ ಸಾಲದು.

ಬಿ.ಪಿ. ಗುಳಿಗೆಯ ಕಥೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಪಾಠ. ಬ್ರೆಜಿಲ್ ದೇಶದಲ್ಲಿ ಜರರಾಕಾ ಎಂಬ ಮಂಡಲ ಜಾತಿಯ ಹಾವಿದೆ. ಅದರ ವಿಷವನ್ನು ಅಭ್ಯಾಸ ಮಾಡುತ್ತಿದ್ದ ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ 1965ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ನಮ್ಮ ರಕ್ತನಾಳಗಳನ್ನು ಸಡಿಲಿಸುವ ಬ್ರಾಡಿಕೈನಿನ್ ಎಂಬ ಪೆಪ್ಟೈಡ್ ಒಂದಿದೆ. ವಿಷದೊಳಗಿನ ಯಾವುದೋ ಅಂಶ ಅದರ ಬಲವನ್ನು ಹೆಚ್ಚಿಸುತ್ತಿತ್ತು. ಫೆರೇರಾ ಆ ಸಾರವನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಗುಟ್ಟು ಬಿಚ್ಚಿಕೊಂಡಿತು. ಎಸಿಇ ಎಂದು ಚಿಕ್ಕದಾಗಿ ಕರೆಯುವ ಒಂದು ಕಿಣ್ವ ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಬ್ರಾಡಿಕೈನಿನ್ ಅನ್ನು ಕತ್ತರಿಸಿ ಹಾಕುತ್ತದೆ. ಇನ್ನೊಂದು ಕಡೆ ನಿರುಪದ್ರವಿಯಾದ ಒಂದು ಪೆಪ್ಟೈಡಿನ ಬಾಲದಿಂದ ಎರಡು ಅಮೈನೋ ಆಮ್ಲ ಕತ್ತರಿಸಿ ಅದನ್ನು ಬಿ.ಪಿ. ಏರಿಸುವ ಆಂಜಿಯೋಟೆನ್ಸಿನ್ 2 ಆಗಿ ಮಾರ್ಪಡಿಸುತ್ತದೆ. ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳು ಈ ಕಿಣ್ವದ ಬಾಯಿಗೆ ಸಿಕ್ಕು, ಕತ್ತರಿಸಿಕೊಳ್ಳದೆ ಅಲ್ಲೇ ಕಚ್ಚಿಕೊಂಡು ಕೂರುತ್ತಿದ್ದವು.

ಅಮೆರಿಕದ ಸ್ಕ್ವಿಬ್ ಕಂಪನಿ ಈ ಪೆಪ್ಟೈಡ್‌ಗಳಲ್ಲಿ ಒಂದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. 9 ಅಮೈನೋ ಆಮ್ಲಗಳ ಸರಪಳಿ, ಹೆಸರು ಟೆಪ್ರೊಟೈಡ್. ಬಿ.ಪಿ. ಇಳಿಯಿತು. ಆದರೆ ಸೂಜಿಯಲ್ಲಿ ಮಾತ್ರ. ಜೀವಮಾನವಿಡೀ ಬಿ.ಪಿ. ನೋಡಿಕೊಳ್ಳಬೇಕಾದವರಿಗೆ ದಿನವೂ ಸೂಜಿ ಚುಚ್ಚಲಾದೀತೆ? ಅಲ್ಲಿನ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಬೇರೆ ದಾರಿ ಹಿಡಿದರು. ಇಡೀ ಸರಪಳಿ ಯಾಕೆ ಬೇಕು? ಕಿಣ್ವದ ಬಾಯಿಗೆ ಸಿಗುವುದು ಅದರ ಬಾಲ, ಮುಖ್ಯವಾಗಿ ಕೊನೆಯಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲ. ಕಿಣ್ವದ ಬಾಯಿಯೊಳಗೆ ಸತುವಿನ ಒಂದು ಅಯಾನು ಇದೆ, ಕತ್ತರಿಸುವ ಕೆಲಸದ ಜೀವಾಳವೇ ಅದು. ಹಾಗಾದರೆ ಪ್ರೋಲೀನನ್ನು ಇಟ್ಟುಕೊಂಡು, ಅದರ ಹಿಂದಿನ ಪೆಪ್ಟೈಡ್ ಭಾಗವನ್ನು ತೆಗೆದು, ಆ ಜಾಗದಲ್ಲಿ ಸತುವನ್ನು ಬಿಗಿಯಾಗಿ ಹಿಡಿಯುವ ಗಂಧಕದ ಗುಂಪೊಂದನ್ನು ಕೂಡಿಸಿದರೆ? 1975ರ ಹೊತ್ತಿಗೆ ಕ್ಯಾಪ್ಟೊಪ್ರಿಲ್ ಸಿದ್ಧವಾಯಿತು. 9 ಅಮೈನೋ ಆಮ್ಲಗಳ ಜಾಗದಲ್ಲಿ ಒಂದು ಅಮೈನೋ ಆಮ್ಲ ಮತ್ತು ಒಂದು ಪುಟ್ಟ ಬಾಲ. ಬಾಯಿಯಿಂದ ತೆಗೆದುಕೊಳ್ಳಬಹುದು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಗಂಧಕದಿಂದ ಕೆಲವರಿಗೆ ಮೈಮೇಲೆ ಗುಳ್ಳೆ, ಬಾಯಿರುಚಿ ಕೆಡುವುದು ಆಗುತ್ತಿತ್ತು. ಮರ್ಕ್ ಕಂಪನಿಯವರು ಗಂಧಕ ಬಿಟ್ಟು ಅಲನೀನ್–ಪ್ರೋಲೀನ್ ಜೋಡಿಯನ್ನು ಹೋಲುವ ಇನ್ನೊಂದು ಅಣು ಕಟ್ಟಿದರು. ಕಿಣ್ವಕ್ಕೆ ಚೆನ್ನಾಗಿ ಅಂಟಿತು, ಆದರೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಗ ಅದರ ಒಂದು ಆಮ್ಲದ ಗುಂಪಿಗೆ ಎಸ್ಟರ್ ಮುಸುಕು ಹಾಕಿದರು. ಕರುಳು ದಾಟಿದ ಮೇಲೆ ಯಕೃತ್ತು ಆ ಮುಸುಕು ತೆಗೆಯುತ್ತದೆ. ಇದೇ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎನಾಲಪ್ರಿಲ್. ರಾಮಿಪ್ರಿಲ್ ಕೂಡ ಇದೇ ಅಚ್ಚಿನದು.

ಈ ಗುಳಿಗೆ ನುಂಗುವ ಕೆಲವರಿಗೆ ಒಣ ಕೆಮ್ಮು ಹತ್ತುತ್ತದೆ. ಧೂಳಿಗೆ ಬಂದಿರಬೇಕೆಂದು ತಿಂಗಳುಗಟ್ಟಲೆ ಕೆಮ್ಮಿನ ಔಷಧ ಕುಡಿದವರನ್ನು ಕಂಡಿದ್ದೇನೆ. ಮೇಲೆ ಹೇಳಿದ್ದನ್ನು ನೆನಪಿಗೆ ತಂದುಕೊಳ್ಳಿ: ಎಸಿಇ ಬ್ರಾಡಿಕೈನಿನ್ ಅನ್ನೂ ಕತ್ತರಿಸುತ್ತದೆ. ಅದರ ಬಾಯಿ ಕಟ್ಟಿದರೆ ಬ್ರಾಡಿಕೈನಿನ್ ಕತ್ತರಿಸದೆ ಉಳಿದು ಶ್ವಾಸನಾಳವನ್ನು ಕೆರಳಿಸುತ್ತದೆ. ಫೆರೇರಾ ಹಾವಿನ ವಿಷದಲ್ಲಿ ಕಂಡದ್ದೇ ಇಲ್ಲಿ ಕೆಮ್ಮಾಗಿ ಹೊರಬರುತ್ತದೆ. ವೈದ್ಯರಿಗೆ ಹೇಳಿದರೆ ಬೇರೆ ಗುಂಪಿನ ಗುಳಿಗೆ ಬರೆದುಕೊಡುತ್ತಾರೆ.

ಹಾವಿನ ಮಾತು ಬಂದ ಮೇಲೆ ನಮ್ಮ ನೆಲದ ಹಾವನ್ನು ಬಿಡಲಾಗದು. ಒಣ ಕಲ್ಲುನೆಲದಲ್ಲಿ ಮೈ ಸುರುಳಿ ಸುತ್ತಿ ಸರಸರ ಸದ್ದು ಮಾಡುವ ಉರಿಮಂಡಲ ರೈತರಿಗೆಲ್ಲ ಗೊತ್ತು. ಅದನ್ನು ಗರಗಸ ಮಂಡಲ ಎಂದೂ ಕರೆಯುತ್ತಾರೆ. ಅದರ ವಿಷದಲ್ಲಿ ಹತ್ತಾರು ವಸ್ತುಗಳಿವೆ. ಅವುಗಳಲ್ಲಿ ಒಂದು ಎಕಿಸ್ಟಾಟಿನ್ ಎಂಬ 49 ಅಮೈನೋ ಆಮ್ಲಗಳ ಸರಪಳಿ. ಗಾಯದ ಕಡೆ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಅದು ತಡೆಯುತ್ತದೆ. ಅದಕ್ಕೆ ಬಳಸುವುದು ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಅಮೈನೋ ಆಮ್ಲಗಳ ಸಾಲನ್ನು: ಒಂದು ತುದಿಯಲ್ಲಿ ಧನ ವಿದ್ಯುದಂಶ, ಇನ್ನೊಂದು ತುದಿಯಲ್ಲಿ ಋಣ ವಿದ್ಯುದಂಶ, ನಡುವೆ ಇಂತಿಷ್ಟೇ ಅಂತರ. ರಸಾಯನಜ್ಞರು ಆ ಅಂತರವನ್ನು ಮಾತ್ರ ಉಳಿಸಿಕೊಂಡು ಉಳಿದ ಸರಪಳಿಯನ್ನು ಪೂರ್ತಿ ಬಿಟ್ಟು ಟಿರೊಫೈಬಾನ್ ಎಂಬ ಸಣ್ಣ ಅಣು ಕಟ್ಟಿದರು. ಹೃದಯಾಘಾತವಾದಾಗ ರಕ್ತನಾಳದಲ್ಲಿ ಹೆಪ್ಪು ಬೆಳೆಯದಂತೆ ಕೊಡುವ ಈ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಹಾಗೆಂದು ಹಾವು ಕಚ್ಚಿದರೆ ಹೃದಯಕ್ಕೆ ಒಳ್ಳೆಯದೆಂದು ಯಾರೂ ತಿಳಿಯಬೇಡಿ. ಆಸ್ಪತ್ರೆಗೆ ಓಡಬೇಕು, ಪ್ರತಿವಿಷ ತೆಗೆದುಕೊಳ್ಳಬೇಕು.

ಈಗ ಬೆಂಗಳೂರಿಗೆ ಹೋಗೋಣ. ಪೆಪ್ಟೈಡ್ ಸರಪಳಿ ಹೇಗೆ ಬೇಕಾದರೂ ಬಳುಕಬಲ್ಲದೆ, ಅದಕ್ಕೂ ನಿಯಮವಿದೆಯೆ ಎಂಬ ಪ್ರಶ್ನೆಗೆ 1963ರಲ್ಲಿ ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಪ್ರತಿ ಅಮೈನೋ ಆಮ್ಲದ ಬಳಿಯೂ ಸರಪಳಿ ಎರಡು ಕಡೆ ತಿರುಗಬಲ್ಲದು. ಆದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದರಿಂದ ಹೆಚ್ಚಿನ ತಿರುವುಗಳು ಸಾಧ್ಯವಿಲ್ಲ. ಸಾಧ್ಯವಿರುವ ತಿರುವುಗಳನ್ನು ತೋರುವ ನಕ್ಷೆಗೆ ಇಂದು ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದೇ ಹೆಸರು. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. 1973ರಲ್ಲಿ ಅದೇ ವಿಭಾಗಕ್ಕೆ ಸೇರಿದ ಪಿ. ಬಲರಾಮ್, ಮುಂದೆ 2005ರಿಂದ 2014ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು.

ಬಲರಾಮ್ ಅವರನ್ನು ಹಿಡಿದಿಟ್ಟದ್ದು ಎಐಬಿ ಎಂದು ಚಿಕ್ಕದಾಗಿ ಕರೆಯುವ ಒಂದು ಅಮೈನೋ ಆಮ್ಲ. ನಮ್ಮ ಅಲನೀನ್‌ನ ಮೇಲೆ ಒಂದು ಹೈಡ್ರೋಜನ್ ಇರುವ ಜಾಗದಲ್ಲಿ ಇನ್ನೊಂದು ಮೀಥೈಲ್ ಗುಂಪು ಕೂತರೆ ಎಐಬಿ. ಲೆಕ್ಕ ಹಾಕಿದರೆ ಒಂದು ಇಂಗಾಲ, ಎರಡು ಹೈಡ್ರೋಜನ್ ಹೆಚ್ಚು, ಅಷ್ಟೇ. ಆ 20ರ ಪಟ್ಟಿಯಲ್ಲಿ ಇದು ಇಲ್ಲ; ಕೆಲವು ಬೂಷ್ಟುಗಳು ಮಾತ್ರ ಇದನ್ನು ಬಳಸಿ ಅಲಮೆಥಿಸಿನ್‌ನಂಥ ಪೆಪ್ಟೈಡ್ ಕಟ್ಟುತ್ತವೆ. ಆ ಹೆಚ್ಚಿನ ಮೀಥೈಲ್‌ನಿಂದ ಇಕ್ಕಟ್ಟು ಹೆಚ್ಚುತ್ತದೆ. ರಾಮಚಂದ್ರನ್ ನಕ್ಷೆಯಲ್ಲಿ ಎಐಬಿಗೆ ಉಳಿಯುವ ಜಾಗ ಬಹಳ ಕಡಿಮೆ, ಆ ಜಾಗವೂ ಸುರುಳಿಯಾಕಾರದ್ದು. ಅಂದರೆ ಸರಪಳಿಯಲ್ಲಿ ಅಲ್ಲಲ್ಲಿ ಎಐಬಿ ಇಟ್ಟರೆ ಅದು ಸುರುಳಿಯಾಗಿ ಗಟ್ಟಿ ನಿಲ್ಲುತ್ತದೆ. ಬಲರಾಮ್ ಅವರ ಬಳಗ ಅಮೆರಿಕದ ಇಸಬೆಲ್ಲಾ ಕಾರ್ಲ್ ಅವರ ಜೊತೆ ಸೇರಿ ಇಂಥ ಪೆಪ್ಟೈಡ್‌ಗಳ ಹರಳು ಬೆಳೆಸಿ, ಎಕ್ಸ್-ಕಿರಣದಿಂದ ಅವುಗಳ ಆಕಾರ ಓದಿತು. ಆಮೇಲೆ ಬೆನ್ನೆಲುಬಿನಲ್ಲೇ ಒಂದೆರಡು ಇಂಗಾಲ ಹೆಚ್ಚಿರುವ ಬೀಟಾ, ಗಾಮಾ ಅಮೈನೋ ಆಮ್ಲಗಳ ಸರಪಳಿಗಳನ್ನೂ ಹೀಗೆಯೇ ಪರಿಶೀಲಿಸಿತು. ಔಷಧ ಮಾಡಲು ಹೊರಟ ಕೆಲಸವಲ್ಲ ಅದು. ಆಕಾರ ತಿಳಿಯುವ ಕುತೂಹಲ, ಅಷ್ಟೇ. ನಮ್ಮಲ್ಲಿ ಅನೇಕರು ಕೇಳುವ ‘ಇದರಿಂದ ಏನು ಉಪಯೋಗ’ ಎಂಬ ಪ್ರಶ್ನೆಗೆ ಅಂದು ಉತ್ತರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಉಪಯೋಗ ಬೇರೆ ದಿಕ್ಕಿನಿಂದ ಬಂತು. ಜಿಎಲ್‌ಪಿ-1 ಹಾರ್ಮೋನನ್ನು ಹಾಳುಗೆಡವುವ ಡಿಪಿಪಿ-4 ಎಂಬ ಕಿಣ್ವ ಸರಪಳಿಯ ತಲೆಯಿಂದ ಎರಡನೆಯ ಅಮೈನೋ ಆಮ್ಲವನ್ನು ನೋಡುತ್ತದೆ. ಅದು ಅಲನೀನ್ ಅಥವಾ ಪ್ರೋಲೀನ್ ಆಗಿದ್ದರೆ ಅಲ್ಲಿಗೆ ಕತ್ತರಿ. ಜಿಎಲ್‌ಪಿ-1ರಲ್ಲಿ ಅಲ್ಲಿರುವುದು ಅಲನೀನ್. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿ ಸೆಮಾಗ್ಲುಟೈಡ್ ಕಟ್ಟುವಾಗ ಆ ಅಲನೀನ್ ತೆಗೆದು ಎಐಬಿ ಇಟ್ಟಿತು. ಒಂದು ಮೀಥೈಲ್‌ನ ಇಕ್ಕಟ್ಟು ಸಾಕಾಯಿತು, ಕಿಣ್ವಕ್ಕೆ ಅಲ್ಲಿ ಹಲ್ಲೂರಲು ಆಗುವುದಿಲ್ಲ. ಜೊತೆಗೆ ಉದ್ದನೆಯ ಒಂದು ಕೊಬ್ಬಿನ ಬಾಲ ಸೇರಿಸಿದರು. ಅದು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿ ಅಣುವನ್ನು ಮೂತ್ರದಲ್ಲಿ ಹೋಗದಂತೆ ಕಾಯುತ್ತದೆ. 2 ನಿಮಿಷದ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಹೋಗಲು ಬೇಕಾದ ಹೊತ್ತು, ಸುಮಾರು ಒಂದು ವಾರಕ್ಕೆ ಏರಿತು. 2017ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಅನುಮತಿ ಸಿಕ್ಕಿತು, ಮುಂದೆ ತೂಕ ಇಳಿಸುವುದಕ್ಕೂ. ಸೆಮಾಗ್ಲುಟೈಡ್ ಬೆಂಗಳೂರಿನ ಕೂಸಲ್ಲ, ಹಾಗೆಂದು ಹೆಮ್ಮೆಪಡುವುದು ಸುಳ್ಳಾಗುತ್ತದೆ. ಆದರೆ ಅದರೊಳಗಿನ ಎಐಬಿಯ ಸ್ವಭಾವವನ್ನು ಜಗತ್ತಿಗೆ ವಿವರವಾಗಿ ತಿಳಿಸಿದವರಲ್ಲಿ ಬೆಂಗಳೂರಿನ ಬಳಗ ಮುಂಚೂಣಿಯಲ್ಲಿತ್ತು ಎಂಬುದು ಸತ್ಯ.

ಅದೇ ಡಿಪಿಪಿ-4ಗೆ ಇನ್ನೊಂದು ಉಪಾಯವೂ ಇದೆ. ಹಾರ್ಮೋನನ್ನು ಬದಲಿಸುವ ಬದಲು ಕಿಣ್ವದ ಬಾಯಿಗೆ ಎರಡು ಅಮೈನೋ ಆಮ್ಲಗಳ ತುಂಡಿನಂತೆ ಕಾಣುವ ಅಣುವನ್ನು ತುರುಕುವುದು. ಪ್ರೋಲೀನ್‌ನಂಥ ಉಂಗುರ, ಅದರ ಮೇಲೆ ಕಿಣ್ವವನ್ನು ಹಿಡಿದಿಡುವ ಒಂದು ನೈಟ್ರೈಲ್ ಗುಂಪು. ಇದು ವಿಲ್ಡಾಗ್ಲಿಪ್ಟಿನ್. 2019ರ ಡಿಸೆಂಬರಿನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳು ತಯಾರಿಸತೊಡಗಿ ಬೆಲೆ ಕುಸಿಯಿತು. ಜಗತ್ ವೃತ್ತದ ಅಂಗಡಿಯವರೆಗೆ ಅದು ಬಂದದ್ದು ಹೀಗೆ.

ಇಷ್ಟರಲ್ಲಿ ಎರಡು ಬಗೆಯ ಉಪಾಯ ನೋಡಿದೆವು. ಮೂರನೆಯದು ಕನ್ನಡಿಬಿಂಬದ್ದು. ಬಲಗಾಲಿನ ಚಪ್ಪಲಿಗೂ ಎಡಗಾಲಿನ ಚಪ್ಪಲಿಗೂ ಅಳತೆ ಒಂದೇ, ಆದರೆ ಒಂದು ಇನ್ನೊಂದರ ಕಾಲಿಗೆ ಕೂರದು. ಅಮೈನೋ ಆಮ್ಲಗಳಿಗೂ ಇಂಥ ಎರಡು ರೂಪಗಳಿವೆ. ದೇಹ ಪ್ರೋಟೀನು ಕಟ್ಟಲು ಬಳಸುವುದು ಎಲ್ ರೂಪವನ್ನು. ಅಲ್ಲಲ್ಲಿ ಡಿ ರೂಪ ಇಟ್ಟರೆ ಕಿಣ್ವಗಳು ತಡವರಿಸುತ್ತವೆ. ಸೊಮಾಟೊಸ್ಟಾಟಿನ್ ಎಂಬ 14 ಅಮೈನೋ ಆಮ್ಲಗಳ ಹಾರ್ಮೋನನ್ನು 8ಕ್ಕೆ ಇಳಿಸಿ, ಎರಡು ಕಡೆ ಡಿ ರೂಪ ಇಟ್ಟು ಮಾಡಿದ್ದು ಆಕ್ಟ್ರಿಯೋಟೈಡ್. ಯಕೃತ್ತು ಕೆಟ್ಟವರು ರಕ್ತ ವಾಂತಿ ಮಾಡಿಕೊಂಡಾಗ ತುರ್ತು ಘಟಕದಲ್ಲಿ ಕೊಡುವ ಇಂಜೆಕ್ಷನ್‌ಗಳಲ್ಲಿ ಇದೂ ಒಂದು.

ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಹತ್ತಿರದ್ದು ನಾಲ್ಕನೆಯ ಉಪಾಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಿಂದ ಬೀದರ್ ದಾರಿ ಹಿಡಿದು ಕಮಲಾಪುರಕ್ಕೆ ಹೋಗುವವರಿಗೆ ಬಿಸಿಲೆಂದರೇನೆಂದು ಹೇಳಬೇಕಿಲ್ಲ. ಪಾದರಸ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹೆರಿಗೆಯ ನಂತರ ಅತಿಯಾದ ರಕ್ತಸ್ರಾವ ತಾಯಂದಿರ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು. ಅದನ್ನು ತಡೆಯಲು ಕೊಡುವ ಆಕ್ಸಿಟೋಸಿನ್ 9 ಅಮೈನೋ ಆಮ್ಲಗಳ ಪೆಪ್ಟೈಡ್, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದದ್ದು. ಫ್ರಿಜ್ ಇದ್ದೂ ಕರೆಂಟಿಲ್ಲದ, ಕರೆಂಟಿದ್ದೂ ಸಾಗಾಟದ ದಾರಿಯಲ್ಲಿ ಡಬ್ಬ ಬಿಸಿಯಾಗುವ ಊರುಗಳಲ್ಲಿ ಮದ್ದು ಬಾಟಲಿಯಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಸೂಜಿ ಚುಚ್ಚಿದ ನರ್ಸಮ್ಮನಿಗೂ ಅದು ಗೊತ್ತಾಗುವುದಿಲ್ಲ.

ಆಕ್ಸಿಟೋಸಿನ್‌ನಲ್ಲಿ ಎರಡು ಗಂಧಕಗಳು ಕೈ ಹಿಡಿದು ಒಂದು ಉಂಗುರ ಮಾಡಿಕೊಂಡಿವೆ. ಆ ಗಂಧಕ–ಗಂಧಕ ಬಂಧ ಸುಲಭವಾಗಿ ಮುರಿಯುತ್ತದೆ. ಒಂದು ಗಂಧಕದ ಜಾಗದಲ್ಲಿ ಇಂಗಾಲ ಇಟ್ಟು, ತಲೆಯ ಅಮೈನೋ ಗುಂಪು ತೆಗೆದು, ಟೈರೋಸೀನ್ ಮೇಲೆ ಒಂದು ಮೀಥೈಲ್ ಹಚ್ಚಿದರೆ ಕಾರ್ಬಿಟೋಸಿನ್. ರಕ್ತದಲ್ಲಿ ಆಕ್ಸಿಟೋಸಿನ್ ಕೆಲವೇ ನಿಮಿಷ ಉಳಿದರೆ ಇದು ಸುಮಾರು 40 ನಿಮಿಷದ ಅರ್ಧಾಯುಷ್ಯದ್ದು. ಜೊತೆಗೆ ಕರಗಿಸುವ ದ್ರವವನ್ನೂ ಹದ ಮಾಡಿ, 30 ಡಿಗ್ರಿಯಲ್ಲಿ 3 ವರ್ಷ ಕೆಡದ ಒಂದು ರೂಪ ತಯಾರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 10 ದೇಶಗಳಲ್ಲಿ ಸುಮಾರು 30,000 ತಾಯಂದಿರ ಮೇಲೆ ಆಕ್ಸಿಟೋಸಿನ್‌ನೊಂದಿಗೆ ಹೋಲಿಸಿ ನೋಡಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಮತ್ತು ಬಾಗಲಕೋಟೆಯ ವೈದ್ಯರು ಈ ಅಧ್ಯಯನದಲ್ಲಿ ಪಾಲುಗೊಂಡಿದ್ದರು. 2018ರಲ್ಲಿ ಫಲಿತಾಂಶ ಬಂತು: 500 ಮಿಲಿಲೀಟರ್ ಅಥವಾ ಹೆಚ್ಚು ರಕ್ತ ಹೋಗುವುದು, ಇಲ್ಲವೇ ಮತ್ತೊಂದು ಮದ್ದು ಬೇಕಾಗುವುದು ಕಾರ್ಬಿಟೋಸಿನ್ ಪಡೆದವರಲ್ಲಿ ನೂರಕ್ಕೆ 14.5, ಆಕ್ಸಿಟೋಸಿನ್ ಪಡೆದವರಲ್ಲಿ 14.4. ಅಂದರೆ ಸರಿಯಾಗಿ ತಂಪಿನಲ್ಲಿಟ್ಟ ಆಕ್ಸಿಟೋಸಿನ್‌ಗೆ ಇದು ಕಡಿಮೆಯಿಲ್ಲ. ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋದ ಪ್ರಕರಣಗಳು ಎಣಿಕೆಯಲ್ಲಿ ಕಡಿಮೆ ಇದ್ದುದರಿಂದ ಆ ಬಗ್ಗೆ ಅಧ್ಯಯನ ಖಚಿತ ತೀರ್ಮಾನಕ್ಕೆ ಬರಲಿಲ್ಲ. 2019ರಲ್ಲಿ ಅಗತ್ಯ ಔಷಧಗಳ ಜಾಗತಿಕ ಪಟ್ಟಿಗೆ ಕಾರ್ಬಿಟೋಸಿನ್ ಸೇರಿತು. ನನ್ನ ಕೇಳಿದರೆ ಈ ಇಡೀ ವಿದ್ಯೆಯ ಅತ್ಯಂತ ಚೆಂದದ ಸಾಧನೆ ಇದೇ, ತೂಕ ಇಳಿಸುವ ದುಬಾರಿ ಸೂಜಿಯಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಎಚ್‌ಐವಿ ವೈರಸ್ ತನ್ನ ಉದ್ದನೆಯ ಪ್ರೋಟೀನನ್ನು ಕತ್ತರಿಸಿಯೇ ಬೆಳೆಯಬೇಕು. ಆ ಕತ್ತರಿಸುವ ಕ್ಷಣದ ಆಕಾರವನ್ನು ನಕಲು ಮಾಡಿದ ಸಕ್ವಿನಾವಿರ್ 1995ರಲ್ಲಿ ಬಂತು; ಎ.ಆರ್.ಟಿ. ಕೇಂದ್ರಗಳಲ್ಲಿ ಕೇಳಿಬರುವ ಲೋಪಿನಾವಿರ್, ಅಟಜಾನಾವಿರ್ ಅದರ ತಮ್ಮಂದಿರು. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಬೋರ್ಟೆಜೊಮಿಬ್ ಎರಡು ಅಮೈನೋ ಆಮ್ಲಗಳ ತುಂಡಿಗೆ ಬೋರಾನ್ ಸೇರಿಸಿದ್ದು. ಪೆನ್ಸಿಲಿನ್ ಕೂಡ ಈ ಮನೆತನಕ್ಕೆ ದೂರದ ನೆಂಟ: ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಎರಡು ಅಮೈನೋ ಆಮ್ಲಗಳ ತುಂಡನ್ನು ಅದು ಹೋಲುತ್ತದೆ. ಬೂಷ್ಟು ಅದನ್ನು ನಮಗಿಂತ ಬಹಳ ಮೊದಲೇ ಕಟ್ಟಿಕೊಂಡಿತ್ತು.

ಇನ್ನೂ ಔಷಧವಾಗದೆ ಪ್ರಯೋಗಾಲಯದಲ್ಲೇ ಇರುವುವು ಬಹಳ. 1992ರಲ್ಲಿ ಅಮೆರಿಕದ ರೊನಾಲ್ಡ್ ಜುಕರ್‌ಮನ್ ಪೆಪ್ಟೈಡನ್ನು ಹೋಲುವ ಪೆಪ್ಟಾಯ್ಡ್ ಎಂಬ ಸರಪಳಿಗಳನ್ನು ಸುಲಭವಾಗಿ ಕಟ್ಟುವ ವಿಧಾನ ತೋರಿಸಿದರು. ಇಲ್ಲಿ ಸರಪಳಿಯ ಪಕ್ಕದ ಕೊಂಬೆಗಳು ಇಂಗಾಲದ ಬದಲು ಸಾರಜನಕದ ಮೇಲೆ ಕೂರುತ್ತವೆ, ಕಿಣ್ವಗಳಿಗೆ ಇದರ ಗುರುತೇ ಹತ್ತುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿ. ವಿ. ಸುರೇಶ್ ಬಾಬು ಅವರ ಬಳಗ ಪೆಪ್ಟೈಡ್ ಬಂಧದ ಜಾಗದಲ್ಲಿ ಯೂರಿಯಾ ಬಂಧ ಇಡುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ಬಳಗ, ಕಪ್ಪೆಯ ಚರ್ಮದಲ್ಲಿರುವಂಥ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳ ಗುಣವನ್ನು ಸಣ್ಣ ಅಣುಗಳಿಗೆ ತರಲು ನೋಡುತ್ತಿದೆ. ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿರುವಾಗ ಇದರ ಮೇಲೆ ಕಣ್ಣಿಡಬೇಕಾದ್ದೇ. ಆದರೆ ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಪತ್ರಿಕೆಯಲ್ಲಿ ‘ಹೊಸ ಮದ್ದು ಪತ್ತೆ’ ಎಂದು ಓದಿದ ಮರುದಿನ ವೈದ್ಯರ ಬಳಿ ಅದನ್ನು ಕೇಳಬೇಡಿ.

ಈಗ ನಿಮ್ಮ ಮನೆಯ ಗುಳಿಗೆ ಪಟ್ಟಿಗಳನ್ನು ತಿರುಗಿಸಿ ನೋಡಿ. ಹೆಸರು ‘ಪ್ರಿಲ್’ ಎಂದು ಮುಗಿದರೆ ಅದು ಎಸಿಇಯ ಬಾಯಿ ಕಟ್ಟುವುದು, ‘ಗ್ಲಿಪ್ಟಿನ್’ ಎಂದಿದ್ದರೆ ಡಿಪಿಪಿ-4ರದ್ದು, ‘ಗ್ಲುಟೈಡ್’ ಎಂದಿದ್ದರೆ ಜಿಎಲ್‌ಪಿ-1ರಂತೆ ನಟಿಸುವುದು. ಜಿಮ್‌ನಲ್ಲಿ, ಫೋನಿನಲ್ಲಿ ‘ಪೆಪ್ಟೈಡ್’ ಎಂದು ಮಾರುವ ಹೆಸರಿಲ್ಲದ ಸೀಸೆಗಳನ್ನು ಮಾತ್ರ ಮುಟ್ಟಬೇಡಿ. ಒಂದು ಮೀಥೈಲ್ ಇಷ್ಟೆಲ್ಲ ಬದಲಿಸಬಲ್ಲದಾದರೆ, ಒಳಗೇನಿದೆಯೆಂದೇ ತಿಳಿಯದ ಸೀಸೆ ಏನು ಮಾಡೀತೋ ಯಾರು ಬಲ್ಲರು. ಇನ್ನೊಂದು ಮಾತು. ‘ಪ್ರಿಲ್’ ಗುಳಿಗೆಗಳು ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಬಿ.ಪಿ.ಗೆ ಇವನ್ನು ನುಂಗುತ್ತಿರುವ ಹೆಣ್ಣುಮಕ್ಕಳು ಬಸಿರಾಗುವ ಯೋಚನೆಯಲ್ಲಿದ್ದರೆ, ಅಥವಾ ಬಸಿರಾದುದು ತಿಳಿದ ದಿನವೇ, ವೈದ್ಯರನ್ನು ಕಂಡು ಗುಳಿಗೆ ಬದಲಿಸಿಕೊಳ್ಳಲಿ. ಇದನ್ನು ನಿಮ್ಮ ಮನೆಯವರಿಗೂ ಓಣಿಯವರಿಗೂ ಹೇಳಿ.